ತೆರೆದ ತುದಿ ಮತ್ತು ಥಿಯೋ ಮಾಡಿದ ಜಾಯಿಂಟು

ನೆಲದಡಿಯ ಕೇಬಲ್ಲಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದೆ. ನೆದರ್ಲೆಂಡ್ಸಿನ ನೈಮೆಗನ್ನಿನಿಂದ ಅಳತೆಯ ವ್ಯಾನು ಹೊರಡಿಸಿಕೊಂಡು ಸುತ್ತಲಿನ ಊರುಗಳಿಗೆ ಹೋಗುವುದು, ಎಲ್ಲಿ ಅಗೆಯಬೇಕೆಂದು ಹೇಳುವುದು, ಅಗೆದ ಮೇಲೆ ಅಲ್ಲಿ ಏನೂ ಸಿಗದಿದ್ದರೆ ಬೈಸಿಕೊಂಡು ಬರುವುದು. ಈಗ ನಿವೃತ್ತಳು. ನಮ್ಮ ಕಡೆಯಿಂದ ಇಲ್ಲಿಗೆ ಓದಲು ಬಂದು ಈ ಕೆಲಸಕ್ಕೆ ಸೇರುವವರು ಆಗಾಗ ಫೋನ್ ಮಾಡಿ, "ಮೇಡಂ, ಜಾಯಿನ್ ಆಗೋಕ್ಕೆ ಮುಂಚೆ ಏನೇನು ಓದ್ಕೋಬೇಕು?" ಎಂದು ಕೇಳುತ್ತಾರೆ. ಓದುವುದೆಲ್ಲ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತೆಂಬುದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ಅದನ್ನು ಬಿಟ್ಟಿದ್ದೇನೆ.

ಮೊದಲು ಕೆಲಸ ಏನೆಂದು ತಿಳಿಯಬೇಕು. ಬಾವಿ ಸೇದುವ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಝಾಡಿಸಿ. ಒಂದು ಅಲೆ ಕಂಬದವರೆಗೂ ಓಡಿ, ತಲೆಕೆಳಗಾಗಿ ವಾಪಸ್ಸು ಬರುತ್ತದೆ. ಕಂಬಕ್ಕೆ ಕಟ್ಟದೆ ತುದಿಯನ್ನು ಸುಮ್ಮನೆ ಬಿಟ್ಟಿದ್ದರೆ ಅಲೆ ನೆಟ್ಟಗೆ ಇದ್ದ ಹಾಗೆಯೇ ವಾಪಸ್ಸಾಗುತ್ತದೆ. ಆಗ ಆ ತುದಿಯನ್ನೇ ಗಮನಿಸಿ. ಹಗ್ಗದ ನಡುವೆ ಅಲೆ ಗೇಣುದ್ದ ಎದ್ದಿದ್ದರೆ, ತುದಿ ಎರಡು ಗೇಣು ಎದ್ದು ಚಟೀರನೆ ಹೊಡೆಯುತ್ತದೆ. ಕೇಬಲ್ಲೂ ಅಷ್ಟೇ. ಒಂದು ತುದಿಯಿಂದ ಚಿಕ್ಕದೊಂದು ವೋಲ್ಟೇಜಿನ ಪೆಟ್ಟು, ನಾವು ಪಲ್ಸ್ ಎನ್ನುವುದು, ಒಳಗೆ ಕಳಿಸುತ್ತೇವೆ. ದಾರಿಯಲ್ಲಿ ಕೇಬಲ್ಲಿನ ಗುಣ ಎಲ್ಲೆಲ್ಲಿ ಬದಲಾಗುತ್ತದೋ ಅಲ್ಲಲ್ಲಿಂದ ಸ್ವಲ್ಪ ಸ್ವಲ್ಪ ವಾಪಸ್ಸು ಬರುತ್ತದೆ. ಎರಡು ತಂತಿ ಒಂದಕ್ಕೊಂದು ತಗುಲಿದ್ದರೆ ತಲೆಕೆಳಗಾಗಿ ಬರುತ್ತದೆ, ತುಂಡಾಗಿದ್ದರೆ ನೆಟ್ಟಗೆ ಬರುತ್ತದೆ, ಎರಡು ಕೇಬಲ್ ಸೇರಿಸಿದ ಜಾಯಿಂಟ್ ಇದ್ದರೆ ಪರದೆಯ ಮೇಲಿನ ಗೆರೆಯಲ್ಲಿ ಸಣ್ಣದೊಂದು ಗುಬ್ಬು ಉಬ್ಬಿ ಕಾಣುತ್ತದೆ. ಹೋಗಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿ ದೂರ ಲೆಕ್ಕ ಹಾಕುತ್ತೇವೆ. ಇಷ್ಟೇ. ಇಷ್ಟನ್ನು ಇಪ್ಪತ್ತಾರು ವರ್ಷ ಮಾಡಿದರೂ ನನಗೆ ಬೇಜಾರು ಬರಲಿಲ್ಲ ಎಂದರೆ ನನ್ನ ಗಂಡ ಶಿವು ಈಗಲೂ ನಂಬುವುದಿಲ್ಲ.

ಸೇರಿದ ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಒಂದು ಹಳ್ಳಿಯಲ್ಲಿ ಕೇಬಲ್ ಕೆಟ್ಟಿತ್ತು. ನಾನು ಅಳೆದು, ನಕ್ಷೆಯ ಮೇಲೆ ಬೆರಳಿಟ್ಟು, "ಇಲ್ಲಿ" ಎಂದೆ. ಅದು ಒಬ್ಬ ಅಜ್ಜಿಯ ಡೇಲಿಯಾ ಹೂವಿನ ಪಾತಿ. ಅಜ್ಜಿ ಪಾಪ ಗಿಡಗಳನ್ನೆಲ್ಲ ತಾನೇ ಕಿತ್ತು ಬಕೆಟ್ಟುಗಳಲ್ಲಿ ಇಟ್ಟುಕೊಂಡರು. ಎದೆಮಟ್ಟ ಅಗೆದೆವು. ಕೇಬಲ್ ಸಿಕ್ಕಿತು, ಹೊಚ್ಚ ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ನಮಗೆ ಇಲಿಯೂ ಸಿಗಲಿಲ್ಲ. ಕೆಟ್ಟ ಕೇಬಲ್ಲನ್ನು ಕತ್ತರಿಸಿ ಸೇರಿಸಲು ಬಂದಿದ್ದ ಜಾಯಿಂಟರ್ ಗುಂಡಿಯ ಅಂಚಿನಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ನೀಳ ಕಾಲಿನ, ಮಾತು ಕಡಿಮೆಯ ಮನುಷ್ಯ. ಅವರೇ ಥಿಯೋ. ಅವರು ಆಡಿದ್ದು ಡಚ್ಚಿನಲ್ಲಿ, ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಮೆವ್ರೌ, ಪೂರ್ತಿ ಪ್ಲಾಸ್ಟಿಕ್ ಕೇಬಲ್ ಅಂತ ಲೆಕ್ಕ ಹಾಕಿದ್ರಾ?" ಎಂದು ಕೇಳಿದರು. ಮೆವ್ರೌ ಎಂದರೆ ಇಲ್ಲಿನ 'ಮೇಡಂ'.

"ಹೌದು. ನಕ್ಷೆಯಲ್ಲಿ ಹಾಗೇ ಇದೆ."

"ಚರ್ಚಿನಿಂದ ಆಚೆಗೆ ಹಳೇದು, ಎಣ್ಣೆ ಕಾಗದ ಸುತ್ತಿದ ಕೇಬಲ್ಲು. ನಾನೇ ಮುಟ್ಟಿದೀನಿ. ಅದರಲ್ಲಿ ಅಲೆ ನಿಧಾನ ಹೋಗುತ್ತೆ ಅಂತ ನಿಮ್ಮ ಅಳತೆಯೋರೇ ಹೇಳ್ತಿದ್ರು."

ಅವರು ಹೇಳಿದ್ದು ಸರಿಯಾಗಿತ್ತು. ವೇಗ ಸರಿಪಡಿಸಿ ಮತ್ತೆ ಲೆಕ್ಕ ಹಾಕಿದರೆ ದೋಷ ಇಪ್ಪತ್ತೆಂಟು ಮೀಟರ್ ಹಿಂದಕ್ಕೆ, ರಸ್ತೆಯ ಬದಿಗೆ ಬಂತು. ಅಜ್ಜಿ ಒಂದು ಮಾತೂ ಬೈಯದೆ ಡೇಲಿಯಾಗಳನ್ನು ವಾಪಸ್ಸು ನೆಟ್ಟರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂದಿನಿಂದ ಅಳೆಯುವ ಮೊದಲು ಥಿಯೋಗೆ ಒಂದು ಫೋನ್ ಮಾಡುವುದು ನನ್ನ ರೂಢಿಯಾಯಿತು. ಎಲ್ಲಿ ಹಳೆಯ ಕೇಬಲ್, ಎಲ್ಲಿ ಹೊಸದು, ಯಾವ ಜಾಯಿಂಟರ್ ಜಾಯಿಂಟಿನ ಪಕ್ಕ ಎಷ್ಟು ಕೇಬಲ್ಲನ್ನು ಸುರುಳಿ ಸುತ್ತಿ ಹೆಚ್ಚುವರಿ ಬಿಡುತ್ತಾನೆ, ಎಲ್ಲವೂ ಅವರ ತಲೆಯಲ್ಲಿತ್ತು. ಮುಂದೆ ರಿಪೇರಿಗೆ ಬರುವವನಿಗೆ ಕೇಬಲ್ ಸಾಲದೆ ಹೋಗಬಾರದೆಂದು ಹಳಬರು ಹಾಗೆ ಸುರುಳಿ ಬಿಡುತ್ತಿದ್ದರು. ಅಲೆ ಆ ಸುರುಳಿಯನ್ನೂ ಸುತ್ತಿಯೇ ಬರುತ್ತದೆ, ನಕ್ಷೆಯಲ್ಲಿ ಮಾತ್ರ ಅದು ಇರುವುದಿಲ್ಲ.

ಇಂಥ ಮನುಷ್ಯನಿಗೆ ನಾನು ಮಾಡಿದ ಅನ್ಯಾಯವನ್ನು ಹೇಳಬೇಕು. ಅದಕ್ಕೇ ಈ ಬರಹ ಶುರು ಮಾಡಿದ್ದು.

ಹದಿನೆಂಟು ವರ್ಷ ಹೀಗೆ ನಡೆದಿತ್ತು. ಬೇಟುವೆ ಕಡೆ, ಸೇಬಿನ ತೋಟಗಳ ನಡುವಿನ ಒಂದು ಊರಿನಲ್ಲಿ, ಥಿಯೋ ಮಾಡಿದ ಒಂದು ಜಾಯಿಂಟು ಇತ್ತು. ಹಳೆಯ ಕಾಗದದ ಕೇಬಲ್ಲನ್ನು ಹೊಸ ಪ್ಲಾಸ್ಟಿಕ್ ಕೇಬಲ್ಲಿಗೆ ಸೇರಿಸಿದ್ದು. ಆ ಕಡೆ ಆಗಾಗ ಏನೋ ತೊಂದರೆ ಎಂದು ನನ್ನನ್ನು ಕಳಿಸಿದರು. ಅಳೆದು ನೋಡಿದೆ. ಕೇಬಲ್ ಹಾಕಿದ ಹೊಸತರಲ್ಲಿ ತೆಗೆದಿಟ್ಟಿದ್ದ ಗ್ರಾಫಿನಲ್ಲಿ ಆ ಜಾಯಿಂಟಿನ ಗುಬ್ಬು ಅಕ್ಕಿಕಾಳಿನಷ್ಟಿತ್ತು. ನನ್ನ ಗ್ರಾಫಿನಲ್ಲಿ ಅದು ಗೋಪುರದ ಹಾಗೆ ಎದ್ದು ನಿಂತಿತ್ತು. ಜಾಯಿಂಟ್ ಒಳಗೊಳಗೇ ಹಾಳಾಗುತ್ತಿದೆ, ಕೆಲಸ ಸರಿಯಾಗಿ ಮಾಡಿಲ್ಲ ಎಂದು ವರದಿ ಬರೆದು ಸಹಿ ಹಾಕಿದೆ. ಎರಡು ತಿಂಗಳಿಗೆ ಆ ಜಾಯಿಂಟು ಸಿಡಿಯಿತು. ಊರಿನ ಅರ್ಧ ಭಾಗಕ್ಕೆ ಕರೆಂಟ್ ಹೋಯಿತು. ಅಗೆದು ತೆಗೆದರೆ ಸುಟ್ಟು ಕರಕಲಾಗಿತ್ತು, ಒಳಗೆ ಏನಿತ್ತೆಂದು ಯಾರೂ ಹೇಳುವ ಹಾಗಿರಲಿಲ್ಲ.

ನನ್ನ ಮೇಲಧಿಕಾರಿ ಫ್ರಾಂಕ್, ನನಗಿಂತ ಹತ್ತು ವರ್ಷ ಚಿಕ್ಕವನು, ಬಲು ಚುರುಕು. "ಲಕ್ಷ್ಮಿ, ನೀವು ಎರಡು ತಿಂಗಳು ಮುಂಚೇನೇ ಹೇಳಿದ್ರಿ!" ಎಂದು ಎಲ್ಲರೆದುರು ಹೊಗಳಿದ. ನಾನು ಉಬ್ಬಿದೆ, ಸುಳ್ಳೇಕೆ ಹೇಳಲಿ. ಆ ಸಭೆಯಲ್ಲಿ ಥಿಯೋ ಒಂದೇ ಮಾತು ಆಡಿದರು.

"ತೊಂದರೆ ಆ ಜಾಗದಲ್ಲಿದೆ. ಜಾಯಿಂಟಲ್ಲಿ ಅಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ವಾರದೊಳಗೆ ಕಂಪನಿಯವರು ಥಿಯೋ ಅವರ ಜಾಯಿಂಟ್ ಮಾಡುವ ಅನುಮತಿ ಕಾರ್ಡನ್ನು ಕಿತ್ತುಕೊಂಡರು. ಮೂವತ್ತು ವರ್ಷ ಗುಂಡಿಯಲ್ಲಿ ಕೂತು ಕೆಲಸ ಮಾಡಿದವರನ್ನು ಸ್ಟೋರಿನ ಕೌಂಟರಿನ ಹಿಂದೆ ನಿಲ್ಲಿಸಿದರು. ಇತರ ಜಾಯಿಂಟರುಗಳು ಬಂದು ಕೈಗವಸು, ಕ್ಲಿಪ್ಪು, ಟೇಪು ಕೇಳುವುದು, ಇವರು ಎಣಿಸಿ ಕೊಡುವುದು. ನಾನೂ ಎರಡು ಸಲ ಹೋಗಿ ಬ್ಯಾಟರಿ ತಂದೆ. ಅವರು ಕೊಟ್ಟರು, ನಾನು ಥ್ಯಾಂಕ್ಸ್ ಎಂದೆ. ಫೋನ್ ಮಾಡುವುದನ್ನು ನಿಲ್ಲಿಸಿದೆ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಥಿಯೋ ನನ್ನ ಮೇಜಿನ ಬಳಿ ಬಂದರು. ಕೈಯಲ್ಲಿ ಎರಡು ಕಾಗದ. ನನ್ನ ವರದಿಗೆ ಲಗತ್ತಿಸಿದ್ದ ಎರಡು ಗ್ರಾಫುಗಳು, ಹಳೆಯದು ಮತ್ತು ಹೊಸದು.

"ನಂಗೆ ಗ್ರಾಫ್ ಓದೋಕೆ ಬರಲ್ಲ. ಒಂದು ಕೇಳ್ತೀನಿ, ಹೇಳಿ," ಎಂದರು. ಎರಡೂ ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಹೊರಗಿನ ಬೆಳಕಿಗೆ ಎರಡು ಗೆರೆಗಳೂ ಒಟ್ಟಿಗೆ ಕಂಡವು. "ಇದು ಸಿಡಿದ ಜಾಯಿಂಟು. ಹೊಸ ಕಾಗದದಲ್ಲಿ ಸಪೂರ, ಎತ್ತರ. ಸರಿ. ಇದು ಅದೇ ಕೇಬಲ್ಲಲ್ಲಿ ಪೀಟರ್ ಮಾಡಿದ ಜಾಯಿಂಟು. ಇದೂ ಯಾಕೆ ಸಪೂರ, ಎತ್ತರ? ಇದು ಇನ್ಯಾರೋ ಸತ್ತೋದೋನು ಮಾಡಿದ್ದು. ಇದೂ ಹಂಗೇ ಇದೆ. ಎಲ್ಲಾ ಜಾಯಿಂಟೂ ಒಟ್ಟಿಗೆ ಕೆಟ್ಟೋಯ್ತಾ?"

ಕಾಗದದ ಮೂಲೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿದ್ದುದನ್ನು ನೋಡಿದೆ. ಹಳೆಯ ಗ್ರಾಫನ್ನು ಅಗಲವಾದ ಪಲ್ಸಿನಿಂದ ತೆಗೆದಿದ್ದರು. ನಾನು ತೆಗೆದದ್ದು ಕಿರಿದಾದ ಪಲ್ಸಿನಿಂದ. ಅಗಲದ ಪಲ್ಸಿಗೆ ಸಣ್ಣ ಗುಬ್ಬುಗಳು ಸರಿಯಾಗಿ ಕಾಣುವುದೇ ಇಲ್ಲ, ಅದರ ಅಗಲದಲ್ಲೇ ಕರಗಿಹೋಗುತ್ತವೆ. ಕಿರಿದಾದ ಪಲ್ಸಿಗೆ ಪ್ರತಿಯೊಂದು ಜಾಯಿಂಟೂ, ಎಷ್ಟೇ ಒಳ್ಳೆಯದಾಗಿರಲಿ, ಮೊನಚಾಗಿ ಎದ್ದು ಕಾಣುತ್ತದೆ. ಈ ಕಸುಬಿನ ಮೊದಲ ವಾರದಲ್ಲಿ ಹೇಳಿಕೊಡುವ ಪಾಠ ಇದು. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೆ. ಜಾಯಿಂಟು ಬದಲಾಗಿರಲಿಲ್ಲ. ನಾನು ನೋಡಿದ ಕನ್ನಡಕ ಬದಲಾಗಿತ್ತು. ಅದು ಸಿಡಿದದ್ದರಿಂದ ನನ್ನ ಮಾತು ನಿಜವೆಂದು ಎಲ್ಲರೂ ಒಪ್ಪಿದರು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ.

"ನಾನು ತಪ್ಪು ಓದಿದೀನಿ," ಎಂದೆ. ಥಿಯೋ ಕಾಗದ ಮಡಿಸಿಕೊಂಡು ಸ್ಟೋರಿಗೆ ಹೋದರು.

ಸಂಜೆ ಊಟದ ಹೊತ್ತಿಗೆ ಶಿವುಗೆ ಹೇಳಿದೆ. ಅವನು ಯೂನಿವರ್ಸಿಟಿಯ ಲ್ಯಾಬಿನಲ್ಲಿ ಉಪಕರಣ ನೋಡಿಕೊಳ್ಳುವವನು, ಕೂಡಲೇ ಅರ್ಥವಾಯಿತು.

"ಅಲ್ಲ ಕಣೇ, ಬೇರೆ ಬೇರೆ ತಕ್ಕಡೀಲಿ ತೂಗ್ಬುಟ್ಟು ಬೆಲ್ಲ ಕಮ್ಮಿ ಆಯ್ತು ಅಂತ ಅಂಗಡಿಯವ್ನಿಗೆ ಹೊಡ್ದೆಯಲ್ಲ!"

"ನಗಬೇಡ. ಆ ಮನುಷ್ಯ ಸ್ಟೋರಲ್ಲಿ ಗ್ಲೌಸ್ ಎಣಿಸ್ತಾ ಕೂತವ್ನೆ."

"ಸರಿ, ನಗಲ್ಲ. ಆದ್ರೆ ಒಂದು ಹೇಳು. ಜಾಯಿಂಟ್ ಚೆನ್ನಾಗೇ ಇತ್ತು ಅಂದ್ರೆ ಸಿಡೀತು ಯಾಕೆ?"

ಅವನು ಕೇಳಿದ್ದು ಹುಳಿ ಬಡಿಸಿಕೊಳ್ಳುತ್ತಾ, ಲೋಕಾಭಿರಾಮವಾಗಿ. ನಾನು ತಟ್ಟೆ ಬಿಟ್ಟು ನಕ್ಷೆ ತರಲು ಎದ್ದೆ. ಥಿಯೋ ಹೇಳಿದ್ದ ಮಾತು ನೆನಪಾಗಿತ್ತು, ತೊಂದರೆ ಆ ಜಾಗದಲ್ಲಿದೆ ಎಂದು.

ಈ ದೇಶದಲ್ಲಿ ಊರಿನ ಕೇಬಲ್ಲನ್ನು ಬಳೆಯಂತೆ ಸುತ್ತ ಹಾಕಿರುತ್ತಾರೆ. ಎರಡು ಕಡೆಯಿಂದಲೂ ಕರೆಂಟ್ ಕೊಡಬಹುದು, ಆದರೆ ನಡುವೆ ಒಂದು ಕಡೆ ಸ್ವಿಚ್ಚನ್ನು ಬೇಕೆಂದೇ ತೆರೆದಿಟ್ಟಿರುತ್ತಾರೆ. ಒಂದು ಕಡೆ ಕೆಟ್ಟರೆ ಆ ಸ್ವಿಚ್ ಮುಚ್ಚಿ ಇನ್ನೊಂದು ಕಡೆಯಿಂದ ಊರಿಗೆ ಕರೆಂಟ್ ಕೊಡುತ್ತಾರೆ. ನಕ್ಷೆ ನೋಡಿದರೆ ಥಿಯೋ ಮಾಡಿದ ಜಾಯಿಂಟಿನಿಂದ ಆ ತೆರೆದ ಸ್ವಿಚ್ಚಿಗೆ ಬರೀ ನಲವತ್ತು ಮೀಟರ್. ತೆರೆದ ತುದಿ! ಹಗ್ಗದ ಬಿಟ್ಟ ತುದಿ! ದೂರದಲ್ಲಿ ಎಲ್ಲೋ ಹುಟ್ಟಿದ ಅಲೆಯೊಂದು ಅಲ್ಲಿಗೆ ಬಂದರೆ ಎರಡರಷ್ಟಾಗುತ್ತದೆ. ನಲವತ್ತು ಮೀಟರ್ ಹೋಗಿ ಬರಲು ಅಲೆಗೆ ಬೇಕಾಗುವುದು ಅರ್ಧ ಮೈಕ್ರೋಸೆಕೆಂಡ್. ಅಲೆಯ ಹಿಂಭಾಗ ಇನ್ನೂ ಜಾಯಿಂಟನ್ನು ದಾಟುತ್ತಿರುವಾಗಲೇ ವಾಪಸ್ಸು ಬಂದ ಮುಂಭಾಗ ಅದರ ಬೆನ್ನೇರುತ್ತದೆ. ಪೆಟ್ಟು ತಿನ್ನುವುದು ಸ್ವಿಚ್ ಒಂದೇ ಅಲ್ಲ, ಆ ಜಾಯಿಂಟೂ ತಿನ್ನುತ್ತದೆ.

ಆದರೆ ಅಂಥ ಅಲೆ ಹುಟ್ಟುವುದೆಲ್ಲಿ? ಅದೇ ಕೇಬಲ್ಲಿನ ಮೇಲೆ ಎರಡು ಕಿಲೋಮೀಟರ್ ಆಚೆ ಹಣ್ಣು ಇಡುವ ಒಂದು ಶೀತಲ ಗೋದಾಮು ಇತ್ತು. ಅಲ್ಲಿ ದೊಡ್ಡ ಕಂಪ್ರೆಸರುಗಳು, ಅವನ್ನು ಆಗಾಗ ನಿಲ್ಲಿಸಿ ಹಚ್ಚುವ ಹೊಸ ಬಗೆಯ ಸ್ವಿಚ್ಚು. ಅದು ಕರೆಂಟನ್ನು ಕತ್ತಿಯಿಂದ ಕಡಿದಂತೆ ಕಡಿಯುತ್ತದೆ, ಒಮ್ಮೊಮ್ಮೆ ಕಡಿದದ್ದು ಮತ್ತೆ ಹತ್ತಿಕೊಂಡು, ಮತ್ತೆ ಕಡಿದು, ಕಣ್ಣು ಮಿಟುಕಿಸುವುದರಲ್ಲಿ ಹತ್ತಾರು ಸಲ ಹೀಗಾಗುತ್ತದೆ. ಪ್ರತಿ ಸಲವೂ ಒಂದು ಕಡಿದಾದ ಅಲೆ ಕೇಬಲ್ಲಿಗೆ ಇಳಿಯುತ್ತದೆ. ಹೀಗಿರಬಹುದು ಎಂದುಕೊಂಡೆ. ಆದರೆ ಒಮ್ಮೆ ಊಹೆಯನ್ನು ವರದಿ ಮಾಡಿ ಒಬ್ಬರ ಅನ್ನಕ್ಕೆ ಕಲ್ಲು ಹಾಕಿಯಾಗಿತ್ತು. ಈ ಸಲ ಕಣ್ಣಿಂದ ನೋಡದೆ ಒಂದಕ್ಷರ ಬರೆಯಬಾರದೆಂದು ನಿರ್ಧರಿಸಿದೆ.

ಎರಡು ರೆಕಾರ್ಡರುಗಳನ್ನು ಇಟ್ಟೆ. ಒಂದು ಗೋದಾಮಿನ ಕಡೆಯ ಪೆಟ್ಟಿಗೆಯಲ್ಲಿ, ಇನ್ನೊಂದು ಕುರಿಗಳು ಮೇಯುವ ಹುಲ್ಲುಗಾವಲಿನ ಅಂಚಿನಲ್ಲಿ, ತೆರೆದ ಸ್ವಿಚ್ಚಿನ ಪೆಟ್ಟಿಗೆಯಲ್ಲಿ. ಹತ್ತೊಂಬತ್ತು ದಿನ ಏನೂ ಇಲ್ಲ. ದಿನವೂ ಹೋಗಿ ನೋಡುವುದು, ಕುರಿಗಳು ನನ್ನನ್ನು ನೋಡುವುದು. ಇಪ್ಪತ್ತನೆಯ ದಿನ ಮಧ್ಯಾಹ್ನ ಪರದೆ ತೆರೆದರೆ ಸಾಲಾಗಿ ಅಲೆಗಳು ಕೂತಿದ್ದವು. ಗೋದಾಮಿನ ಕಡೆ ಒಂದೊಂದು ಅಲೆ ಎಷ್ಟು ಎತ್ತರವೋ, ತೆರೆದ ತುದಿಯಲ್ಲಿ ಅದೇ ಅಲೆ ಹೆಚ್ಚುಕಡಿಮೆ ಅದರ ಎರಡರಷ್ಟು. ಹೊರಟ ಹೊತ್ತು, ಮುಟ್ಟಿದ ಹೊತ್ತು, ಮಧ್ಯದ ದೂರ, ಎಲ್ಲ ಲೆಕ್ಕಕ್ಕೆ ಸರಿಯಾಗಿ ಕೂತಿತು. ಪುಸ್ತಕದಲ್ಲಿ ಓದಿ ಪಾಸಾಗಿದ್ದೆ, ಹಗ್ಗ ಝಾಡಿಸಿ ಎಷ್ಟೋ ಜನಕ್ಕೆ ತೋರಿಸಿದ್ದೆ. ನಿಜವಾದ ಕೇಬಲ್ಲಿನ ತುದಿಯಲ್ಲಿ ನಿಜವಾದ ಅಲೆ ಎರಡಾದದ್ದನ್ನು ಕಣ್ಣಾರೆ ಕಂಡದ್ದು ಅವತ್ತೇ. ಕುರಿಗಳ ಮುಂದೆ ಕುಣಿದಾಡುವಷ್ಟು ಸಂತೋಷವಾಯಿತು. ಅರ್ಧ ಗಂಟೆ ನಾನು ಥಿಯೋವನ್ನು ಪೂರ್ತಿ ಮರೆತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಈ ಕೆಲಸಕ್ಕೆ ಬರುವವರು ತಿಳಿದಿರಬೇಕು. ಕುತೂಹಲ ಒಳ್ಳೆಯದೇ, ಅದಕ್ಕೆ ಮನುಷ್ಯರ ನೆನಪು ಮಾತ್ರ ಇರುವುದಿಲ್ಲ.

ನೆಲ ನಿಜವಾಗಿಯೂ ಡೊಂಕಾಗಿತ್ತು. ಅದನ್ನೇ ಫ್ರಾಂಕ್‌ಗೆ ಹೋಗಿ ಹೇಳಿದೆ. ಅವನು ಗ್ರಾಫುಗಳನ್ನು ನೋಡಿ, ಚೆನ್ನಾಗಿದೆ ಎಂದ. ತೆರೆದ ಸ್ವಿಚ್ಚಿನ ಜಾಗ ಬದಲಿಸೋಣ, ತುದಿಯಲ್ಲಿ ಅಲೆ ನುಂಗುವ ಅರೆಸ್ಟರ್ ಹಾಕಿಸೋಣ, ಗೋದಾಮಿನವರಿಗೂ ಪತ್ರ ಬರೆಯೋಣ ಎಂದ.

"ಥಿಯೋ ವಿಷಯ?" ಎಂದೆ.

"ಹಳೆ ರಿಪೋರ್ಟ್ ಕ್ಲೋಸ್ ಆಗಿದೆ ಲಕ್ಷ್ಮಿ. ಥಿಯೋಗೆ ರಿಟೈರ್ ಆಗೋಕೆ ಎರಡೇ ವರ್ಷ. ಸ್ಟೋರಲ್ಲಿ ಆರಾಮಾಗಿದಾರೆ, ಮಳೆ ಇಲ್ಲ, ಕೆಸರಿಲ್ಲ. ಯಾಕೆ ಕೆದಕೋದು?"

"ಆ ರಿಪೋರ್ಟ್ ಮೇಲಿರೋ ನನ್ನ ಸಹಿ ವಾಪಸ್ ತಗೋಬೇಕು."

"ಅದಕ್ಕೆ ಫಾರಂ ಇಲ್ಲ," ಎಂದ. ತಮಾಷೆಗಲ್ಲ, ನಿಜವಾಗಿಯೂ ಹುಡುಕಿ ನೋಡಿ ಹೇಳಿದ. ಈ ದೇಶದಲ್ಲಿ ಎಲ್ಲಕ್ಕೂ ಫಾರಂ ಇದೆ, ತಪ್ಪಾಯಿತು ಎನ್ನುವುದಕ್ಕೆ ಇಲ್ಲ.

ಹಾಗಾಗಿ ಫಾರಂ ಇಲ್ಲದೆಯೇ ಒಂದು ಪುಟ ಬರೆದೆ. ಸೋಮವಾರ ಬೆಳಿಗ್ಗೆ ಜಾಯಿಂಟರುಗಳೆಲ್ಲ ಕಾಫಿಗೆ ಸೇರುವ ಕೋಣೆಗೆ ಹೋಗಿ, ಎದ್ದು ನಿಂತು ಓದಿದೆ. ಎರಡು ಗ್ರಾಫು, ಎರಡು ಪಲ್ಸು, ನನ್ನ ತಪ್ಪು. ಕಿಟಕಿಗೆ ಕಾಗದ ಒತ್ತಿ ಹಿಡಿದು ತೋರಿಸಿದೆ. ನನ್ನ ಡಚ್ಚು ಎಲ್ಲೆಲ್ಲೋ ಎಡವಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ಥಿಯೋ ಬಾಗಿಲ ಬಳಿ ಸ್ಟೋರಿನ ನೀಲಿ ಕೋಟಿನಲ್ಲಿ ನಿಂತು ಕಪ್ಪಿನೊಳಗೆ ನೋಡುತ್ತಿದ್ದರು. ಆ ಪುಟವನ್ನು ಫ್ರಾಂಕ್ ಮೇಲಕ್ಕೆ ಕಳಿಸಲೇಬೇಕಾಯಿತು, ಮೂವತ್ತು ಜನ ಕೇಳಿದ್ದರಲ್ಲ. ಒಂದು ತಿಂಗಳಿಗೆ ಅವರ ಕೈಗೆ ಕಾರ್ಡು ವಾಪಸ್ಸು ಬಂತು.

ಅದೇ ಊರಿನಲ್ಲಿ ಅರೆಸ್ಟರ್ ಹಾಕುವಾಗ ಒಂದು ಹೊಸ ಜಾಯಿಂಟ್ ಬೇಕಾಗಿತ್ತು. ಥಿಯೋ ತಾನೇ ಮಾಡುತ್ತೇನೆ ಎಂದರಂತೆ, ಆದರೆ ಒಂದು ಷರತ್ತು ಹಾಕಿದರಂತೆ. ಅದನ್ನು ಫೋನ್ ಮಾಡಿ ನನಗೇ ಹೇಳಿದರು.

"ಮೆವ್ರೌ, ನೀವು ಎಷ್ಟು ಜಾಯಿಂಟ್ ಅಳೆದಿದೀರಿ?"

"ಲೆಕ್ಕ ಇಟ್ಟಿಲ್ಲ. ಸಾವಿರಾರು."

"ಒಂದಾದರೂ ಮಾಡೋದು ನೋಡಿದೀರಾ? ಶುರುವಿಂದ ಕೊನೇವರೆಗೂ?"

ನೋಡಿರಲಿಲ್ಲ. ಗುಂಡಿ ಅಗೆದ ಮೇಲೆ ನನ್ನ ಕೆಲಸ ಮುಗಿಯುತ್ತಿತ್ತು, ವ್ಯಾನು ಹತ್ತಿ ಹೊರಡುತ್ತಿದ್ದೆ. ಜಾಯಿಂಟು ನನಗೆ ಪರದೆಯ ಮೇಲಿನ ಗುಬ್ಬಷ್ಟೇ ಆಗಿತ್ತು.

"ಹಂಗಾದ್ರೆ ಬನ್ನಿ. ಜೊತೇಲಿ ಕೂತ್ಕೋಬೇಕು, ಎದ್ದು ಹೋಗಂಗಿಲ್ಲ," ಎಂದರು.

ಗುಂಡಿಯೊಳಗೆ ಪ್ಲಾಸ್ಟಿಕ್ ಹಾಸಿ, ಮೇಲೆ ಗುಡಾರ ಕಟ್ಟಿ, ಇಬ್ಬರೂ ಮಂಡಿ ಮಡಚಿ ಕೂತೆವು. ಅವರು ಕೈ ತೊಳೆದು, ಒರೆಸಿ, ಮತ್ತೆ ತೊಳೆದರು. ಕೇಬಲ್ಲಿನ ಒಂದೊಂದು ಪದರವನ್ನೂ ಅಳತೆ ಹಿಡಿದು ಬಿಡಿಸಿದರು. ಚಾಕು ಒಳಗಿನ ಪದರಕ್ಕೆ ಕೂದಲೆಳೆಯಷ್ಟು ತಾಗಿದರೂ ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಅಲ್ಲಿಂದಲೇ ಸಿಡಿಯುತ್ತದೆ ಎಂದು ಹೇಳಿ, ಆ ಪದರವನ್ನು ನುಣ್ಣಗೆ ಉಜ್ಜಿ, ನನ್ನ ಬೆರಳು ಹಿಡಿದು ಅದರ ಮೇಲೆ ಎಳೆದು ತೋರಿಸಿದರು. ಏನೂ ತಾಗಲಿಲ್ಲ. "ಏನೂ ತಾಗಬಾರದು, ಅದೇ ಕೆಲಸ," ಎಂದರು. ಅವರ ಬೆನ್ನು ನೋಯುತ್ತಿತ್ತು, ನಡುನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಎರಡನೆಯ ಗಂಟೆಗೆ ನನ್ನ ಕಾಲು ಜೋಮು ಹಿಡಿಯಿತು. ಸ್ಟೋರಿನಲ್ಲಿದ್ದ ತಿಂಗಳುಗಳಲ್ಲಿ ಅವರ ಹೆಂಡತಿ ನೆರೆಯವರಿಗೆ, ಬೆನ್ನುನೋವಿಗೆ ಒಳಗಿನ ಕೆಲಸ ಕೊಟ್ಟಿದ್ದಾರೆ ಎಂದು ಹೇಳಿಕೊಂಡು ಬಂದಿದ್ದರಂತೆ. ಅದನ್ನು ಥಿಯೋ ಟೇಪು ಸುತ್ತುತ್ತಾ, ತಲೆಯೆತ್ತದೆ ಹೇಳಿದರು. "ಕ್ಷಮಿಸಿ ಥಿಯೋ," ಎಂದೆ. ಅವರು ಇನ್ನೊಂದು ಸುತ್ತು ಸುತ್ತಿದರು.

ನಾಲ್ಕು ಗಂಟೆ ಹಿಡಿಯಿತು. ಮಣ್ಣು ಮುಚ್ಚುವ ಮೊದಲು ಜಾಯಿಂಟಿಗೆ ಒಂದು ಚಿಕ್ಕ ಪಟ್ಟಿ ಕಟ್ಟುವುದು ಪದ್ಧತಿ. ಅದರ ಮೇಲೆ ತಾರೀಖು, ಮಾಡಿದವನ ಹೆಸರು. ಮುಂದೆ ಎಂದಾದರೂ ಅದು ಸಿಡಿದು, ಅಗೆದು ತೆಗೆದರೆ ಯಾರನ್ನು ಕೇಳಬೇಕೆಂದು ಗೊತ್ತಾಗಲಿ ಎಂದು. ಥಿಯೋ ತಾರೀಖು ಬರೆದರು, ತಮ್ಮ ಹೆಸರು ಬರೆದರು. ಪೆನ್ನನ್ನು ಮುಚ್ಚಲಿಲ್ಲ.

"ನಿಮ್ಮ ಪೂರ್ತಿ ಹೆಸರು ಏನು?" ಎಂದರು.

"ಯಾಕೆ?"

"ಇಬ್ಬರೂ ಕೂತಿದ್ವಲ್ಲ. ಇದು ಸಿಡಿದರೆ ಇಬ್ಬರನ್ನೂ ಕೇಳಲಿ."

ನಾನು ನಕ್ಕೆ. ಅವರು ನಗಲಿಲ್ಲ, ಪೆನ್ನು ಹಿಡಿದು ಕಾಯುತ್ತಿದ್ದರು. ಪುಟ್ಟಲಕ್ಷ್ಮಮ್ಮ ಎಂದು ಒಂದೊಂದೇ ಅಕ್ಷರವಾಗಿ ಹೇಳಿದೆ. ಅವರು ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು, ಉಳಿದಿದ್ದ ಚೂರು ಜಾಗದಲ್ಲಿ ಒತ್ತೊತ್ತಾಗಿ, ತಮ್ಮ ಹೆಸರಿನ ಕೆಳಗೆ ಪೂರ್ತಿ ಬರೆದರು.